ಸೋದರಮಾವನ ಸರ್ವರ್ ಪ್ರತಿಷ್ಠಾಪನೆ

ನಂಜನಗೂಡಿನಲ್ಲಿರುವ ನನ್ನ ಸೋದರಮಾವ ಹೆಣ್ಣು ನೋಡಲು ಹೋಗಿ ಐದೇ ನಿಮಿಷದಲ್ಲಿ ಒಪ್ಪಿಕೊಂಡು ಬಂದವರು. ಅದೇ ಮನುಷ್ಯ ಒಂದು ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ಆರಿಸುತ್ತ ಎರಡು ವರ್ಷ ಕಳೆದಿದ್ದಾರೆಂದರೆ ನಂಬುತ್ತೀರಾ? ನಂಬಿ. ಆ ಎರಡು ವರ್ಷದ ಭಾನುವಾರಗಳೆಲ್ಲ ನನ್ನವು!

ಮಾವ ಊರೂರು ಸುತ್ತಿ ಸರಪಳಿ ಹಿಡಿದು ಹೊಲ ಅಳೆದು ನಿವೃತ್ತರಾದ ಸರ್ವೆಯರು. ಹೊಳೆ ತುಂಬಿ ಬಂದಾಗಲೆಲ್ಲ ದಡದ ಗದ್ದೆಗಳ ಬದು ಕೊಚ್ಚಿಹೋಗುತ್ತದೆ. ನೀರಿಳಿದ ಮೇಲೆ ಜಗಳ ಏರುತ್ತದೆ. ಅದಕ್ಕೆ ಮಾವನ ಉಪಾಯವೆಂದರೆ, ಪ್ರತಿ ಬೇಸಿಗೆ ಮದುವೆ ಫೋಟೋದವರ ಡ್ರೋನ್ ಕರೆಸಿ ಹುಲ್ಲಹಳ್ಳಿಯಿಂದ ತಿ. ನರಸೀಪುರದ ಸಂಗಮದವರೆಗೂ ಚಿತ್ರ ತೆಗೆಸುವುದು. ಅವನ್ನೆಲ್ಲ ಒಂದು ಸರ್ವರಿನಲ್ಲಿಟ್ಟು, ಕೇಳಿದ ರೈತನಿಗೆ ಅವನ ಬದು ಎಲ್ಲಿತ್ತೆಂದು ತೋರಿಸುವುದು. ನಾನು ನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಸರ್ವರ್ ಸಿದ್ಧಪಡಿಸುವ ಹೊಣೆ ಇನ್ನಾರ ತಲೆಗೆ ಬರಬೇಕು?

"ವಿಂಡೋಸ್ ಹಾಕೋಣ" ಎಂದೆ.

"ಬೇಡ ಕಣೋ. ಅದು ನಮ್ಮನ್ನ ಕೇಳ್ದೆ ಅಪ್‌ಡೇಟ್ ಆಗ್ತಾ ಕೂರತ್ತೆ."

"ಹಾಗಾದರೆ ಲಿನಕ್ಸ್."

"ಅದ್ರಲ್ಲೂ ಹತ್ತಾರು ಥರ ಇದ್ಯಂತಲ್ಲ. ನಿನಗೆ ಯಾವ್ದು ವಾಸಿ?"

"ಯಾವುದಾದರೂ ಸರಿ ಮಾವ" ಎಂದೆ. ನನಗೆ ನಾಲ್ಕೂವರೆಯ ಬಸ್ಸು ಸಿಕ್ಕಿದರೆ ಸಾಕಾಗಿತ್ತು.

ಅಲ್ಲಿಂದ ಫೈಲ್ ಸಿಸ್ಟಂ ವಿಚಾರಕ್ಕೆ ಬಂದೆವು. ಡಿಸ್ಕಿನೊಳಗೆ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ನಿಮ್ಮ ರೆಕಾರ್ಡ್ ರೂಮಿನ ಬೀರುಗಳಿದ್ದ ಹಾಗೆ ಎಂದು ವಿವರಿಸಿದ್ದೇ ನನ್ನ ತಪ್ಪು! ಗೆದ್ದಲು ತಿಂದ ನಕ್ಷೆಗಳನ್ನು ಕಂಡಿದ್ದ ಮಾವ ಬೆಚ್ಚಿದರು.

"ಇದಕ್ಕೂ ಗೆದ್ದಲು ಹತ್ತತ್ತೇನೋ? ಚಿತ್ರದಲ್ಲಿ ಒಂದು ಚುಕ್ಕೆ ಕೆಟ್ರೆ ಒಂದು ಗೇಣು ಜಮೀನು ಹೋಯ್ತು!"

ಝಡ್‌ಎಫ್‌ಎಸ್ ಎಂಬ ಪದ್ಧತಿ ಕೆಟ್ಟದ್ದನ್ನು ತಾನೇ ಪತ್ತೆ ಹಚ್ಚುತ್ತದೆಂದು ಅದನ್ನು ಹಾಕಿಕೊಟ್ಟೆ. ಮುಂದಿನ ವಾರ, ಇಎಕ್ಸ್‌ಟಿ-ಫೋರ್ ಅನ್ನೋ ಇನ್ನೊಂದು ಪದ್ಧತಿ ಸುಲಭವಂತಲ್ಲ, ನಿನಗೆ ಹೇಗನ್ನಿಸುತ್ತೆ ಎಂದರು. ಅಳಿಸಿ ಅದನ್ನು ಹಾಕಿದೆ. ಅದರ ಮುಂದಿನ ವಾರ ಮತ್ತೆ ಅಳಿಸಿದೆ. ಹೀಗೆ ಎಷ್ಟು ಸಲ ಅಳಿಸಿದೆನೋ, ಲೆಕ್ಕ ಇಡುವ ಶಕ್ತಿಯೂ ಉಳಿದಿಲ್ಲ.

ಸಾಲದ್ದಕ್ಕೆ ಸರ್ವರ್ ಇಟ್ಟದ್ದು ದೇವರಮನೆಯಲ್ಲಿ. ಮನೆಯಲ್ಲಿ ಧೂಳಿಲ್ಲದ ಕೋಣೆ ಅದೊಂದೇ ಅಂತೆ! ಒಳಗೆ ಹೋಗಬೇಕಾದರೆ ಮಡಿ. ಕರೆಂಟಿನ ಪೆಟ್ಟಿಗೆಯ ಮುಂದೆ ಒದ್ದೆ ಪಂಚೆಯುಟ್ಟು ಕೀಬೋರ್ಡ್ ಒತ್ತಿದ ಕಂಪ್ಯೂಟರ್ ಮೇಷ್ಟ್ರು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಒಮ್ಮೆ ಇನ್‌ಸ್ಟಾಲ್ ಶೇಕಡಾ ತೊಂಬತ್ತೇಳಕ್ಕೆ ಬಂದಿತ್ತು. "ರಾಹುಕಾಲ ಬಂತು!" ಎಂದವರೇ ಮಾವ ಪ್ಲಗ್ ಕಿತ್ತರು. ಬಸ್ಸೂ ಹೋಗಿತ್ತು.

ಹೋದ ಮಳೆಗಾಲದಲ್ಲಿ ಹೊಳೆ ಉಕ್ಕಿ ಇಳಿದ ವಾರ, ಹುಲ್ಲಹಳ್ಳಿ ಕಡೆಯ ರೈತನೊಬ್ಬ ಬಂದು ಜಗಲಿಯಲ್ಲಿ ಕೂತ.

"ಬದೂನೇ ಕೊಚ್ಕೊಂಡೋಯ್ತು ಸಾ. ಪಕ್ಕದೋನು ಎಲ್ಡು ಮಾರು ಒಳಕ್ ಬಂದು ಒಸಾ ಬದು ಆಕವ್ನೆ. ನಾಳೀಕೆ ಪಂಚಾಯ್ತಿ ಸೇರುಸ್ತಾವ್ರೆ. ಪೋಟೋ ಇಲ್ದಿದ್ರೆ ನನ್ ಮಾತು ಯಾರ್ ಕೇಳಾರು?"

ಸರ್ವರ್ ಖಾಲಿ. ಚಿತ್ರಗಳು ಪುಣ್ಯಕ್ಕೆ ಬೇರೊಂದು ಡಿಸ್ಕಿನಲ್ಲಿ ರಾಶಿ ಬಿದ್ದಿದ್ದವು. ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದೊಂದಾಗಿ ತೆರೆಯುತ್ತ ಮಧ್ಯಾಹ್ನವೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿತು. ನನ್ನ ಸಹನೆ ಮಾತ್ರ ಮುಗಿದಿತ್ತು.

"ಯಾವುದಾದರೂ ಒಂದನ್ನ ಆರಿಸಿದ್ದಿದ್ದರೆ ಇದು ಗಳಿಗೇಲಿ ಸಿಗ್ತಿತ್ತಲ್ಲ ಮಾವ! ಇಷ್ಟು ವರ್ಷ ಹೊಲ ಅಳೆದವರಿಗೆ ಇಷ್ಟೂ ತೀರ್ಮಾನ ಮಾಡಕ್ಕಾಗಲ್ವಾ?"

ಮಾವ ಪರದೆಯ ಹತ್ತಿರಕ್ಕೆ ಬಗ್ಗಿ, "ಇದೇ ನೋಡಪ್ಪ ನಿನ್ನ ಬದು" ಎಂದು ಬೆರಳಿಟ್ಟರು. ಬೆರಳು ನಾಲೆಯ ಮೇಲಿತ್ತು.

ರೈತ ನನ್ನ ಮುಖ ನೋಡಿದ. ಆಮೇಲೆ ಮಾವನ ಬೆರಳನ್ನು ಮೆಲ್ಲಗೆ ಹಿಡಿದು ಗದ್ದೆಯ ಅಂಚಿಗೆ ತಂದಿಟ್ಟ. "ಇಲ್ಲಿ ಸಾ."

"ಯಾವಾಗಿಂದ ಮಾವ?" ಎಂದೆ.

"ಎರಡು ವರ್ಷ ಆಯ್ತು ಕಣೋ. ಕಣ್ಣು ಇನ್ನೂ ಮಂದ ಆಗತ್ತೆ ಅಂದಿದ್ದಾರೆ ಡಾಕ್ಟ್ರು. ಕಾಣದೋನಿಗೆ ಯಾವ ಸಿಸ್ಟಂ ಆದ್ರೇನು? ಮುಂದೆ ಇದನ್ನ ನೋಡ್ಕೊಳ್ಳೋನು ನೀನು. ನಿನಗೆ ಯಾವ್ದು ಒಗ್ಗತ್ತೆ ಅಂತ ವಾರವಾರಾನೂ ಕೇಳಿದೆ. ನೀನು ಯಾವ್ದಾದ್ರೂ ಸರಿ ಅಂತಾನೇ ಅಂದೆ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಾಲೇಜಿನಲ್ಲಿ ದಿನವೂ ಪಾಠ ಮಾಡುವ, ನಿದ್ದೆಗಣ್ಣಲ್ಲೂ ನಡೆಸಬಲ್ಲ ಸಾದಾ ಲಿನಕ್ಸಿನ ಹೆಸರು ಹೇಳಿದೆ.

"ಅದನ್ನೇ ಹಾಕು" ಎಂದರು ಮಾವ. ಆಮೇಲೆ ರೈತನ ದನಿ ಬಂದಿದ್ದ ಕಡೆಗೆ ತಿರುಗಿ ಹೇಳಿದರು, "ಇನ್ಮೇಲೆ ಬದು ಎಲ್ಲಿತ್ತು ಅಂತ ಇವನನ್ನ ಕೇಳಪ್ಪ."