ಆತ್ಮ ಹೋದ ಟ್ರ್ಯಾಕ್ಟರು

ನಮ್ಮ ಸಂಘದ ಟ್ರ್ಯಾಕ್ಟರಿನ ಸ್ಟಾರ್ಟರನ್ನು ಕೆಡಿಸಿದವರೇ ಅದು ಕೆಟ್ಟಿದೆ ಎಂದು ಸಾರಿ, ಹರಾಜಿಗಿಟ್ಟು, ತಮ್ಮ ಭಾವಮೈದುನನಿಗೆ ಕೊಡಿಸಲು ಹೊರಟರು. ಇದು ಮೋಸ. ನಾನು ಶಾಲೆಯಲ್ಲಿ ಕಲಿತವನಲ್ಲ, ದಿನಸಿ ಕಟ್ಟಿಕೊಟ್ಟ ಹಳೇ ಪೇಪರು ಬಿಡಿಸಿ ಓದಿ ಕಲಿತವನು. ಆ ಪೇಪರುಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರು ಇರುತ್ತಿದ್ದವು. ನನಗೆ ಮೋಸ ಎನ್ನುವ ಮಾತೇ ಸಾಕು.

ಮೋಸವಾದರೆ ನಗುವುದೇಕೆ ಎಂದು ಕೇಳಬಹುದು. ಮಾಡುವವರು ಬುದ್ಧಿವಂತರಾಗಿದ್ದರೆ ಅಳಬೇಕಾಗುತ್ತಿತ್ತು. ನಮ್ಮ ಪುಣ್ಯ, ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಇಂಥವು ಆಗುತ್ತಲೇ ಇದ್ದವು, ಆದಾಗೆಲ್ಲ ಯಾರೋ ಒಬ್ಬರು ಎಡವಿ ನಮ್ಮನ್ನು ನಗಿಸುತ್ತಲೂ ಇದ್ದರು.

ನಾವು ಶಿವಮೊಗ್ಗದ ಕೋಟೆಯ ಹಿಂದೆ, ಹೊಳೆದಂಡೆಯ ತುಂಡು ನೆಲದಲ್ಲಿ ತರಕಾರಿ ಬೆಳೆಯುವವರು. ಒಬ್ಬೊಬ್ಬರಿಗೆ ಇದ್ದದ್ದು ಒಂದು ಚೂರು. ಜೋಡೆತ್ತು ತಿರುಗಿಸಲು ಹೋದರೆ ಪಕ್ಕದವನ ಮೂಲಂಗಿ ತುಳಿಯುತ್ತಿತ್ತು. ಭದ್ರಾವತಿಯಲ್ಲಿದ್ದ ಒಬ್ಬ ಬಿಳಿ ದೊರೆ ತನ್ನ ಬಂಗಲೆಯ ತೋಟಕ್ಕೆ ತರಿಸಿದ್ದ ಪುಟ್ಟ ಟ್ರ್ಯಾಕ್ಟರನ್ನು ಊರು ಬಿಡುವಾಗ ಮಾರಿದ. ನಾವೆಲ್ಲ ಸೇರಿ ಕೊಂಡೆವು. ಆಗಲೇ ಅದು ಹಳೆಯದು, ಆದರೆ ನಮ್ಮ ಮಡಿಗಳಿಗೆ ಹೇಳಿ ಮಾಡಿಸಿದಂತಿತ್ತು. ಮಳೆ ನಿಂತು ಹೊಳೆ ಇಳಿದ ಮೇಲೆ ಮಣ್ಣಿನ ಹದ ಕೆಲವೇ ದಿನ. ಆಗ ಉತ್ತವನಿಗೆ ಚಳಿಗಾಲದ ಬೆಳೆ. ಉಳದವನಿಗೆ ಬರೀ ಚಳಿ.

ಹಬ್ಬದ ಬಣ್ಣ

ಆಯುಧಪೂಜೆಗೆ ಟ್ರ್ಯಾಕ್ಟರು ಮದುಮಗಳ ಹಾಗೆ ಕಾಣಬೇಕು ಎಂದು ಸಂಘದ ಅಧ್ಯಕ್ಷರ ಅಪ್ಪಣೆಯಾಯಿತು. ಬಣ್ಣಕ್ಕೆ ಬಂದವನು ಅಂಗಡಿ ಬೋರ್ಡು ಬರೆಯುವವನು.

"ಒಂದು ಕಡೆನೂ ಬಿಡಕೂಡ್ದು," ಅಂದರು ಅಧ್ಯಕ್ಷರು.

ಅವನು ಬಿಡಲಿಲ್ಲ. ಬ್ಯಾಟರಿಯ ತಂತಿ ಟ್ರ್ಯಾಕ್ಟರಿನ ಮೈಗೆ ಸೇರುವ ಕಡೆ ಬೋಲ್ಟ್ ಬಿಚ್ಚಿ, ಅದರ ಕೆಳಗಿನ ಕಬ್ಬಿಣಕ್ಕೂ ದಪ್ಪಗೆ ಕೆಂಪು ಬಳಿದು, ಮೇಲೆ ತಂತಿ ಕೂರಿಸಿ ಬಿಗಿದ. ಸೀಟಿಗೂ ಬಳಿದ. ಅಧ್ಯಕ್ಷರು ಬಿಳಿ ಪಂಚೆಯುಟ್ಟು ಅದರ ಮೇಲೆ ಕೂತು ಮಂಗಳಾರತಿ ತೆಗೆದುಕೊಂಡರು. ಎದ್ದಾಗ ಪಂಚೆಯ ಹಿಂಭಾಗಕ್ಕೂ ಪೂಜೆಯಾಗಿತ್ತು.

ಸಂಘದ ಡ್ರೈವರ್ ಬಟನ್ ಒತ್ತಿದ. ಯಾವಾಗಲೂ ಗುರ್‍ರೆನ್ನುವ ಸ್ಟಾರ್ಟರು 'ಟಿಕ್' ಎಂದು ಸುಮ್ಮನಾಯಿತು. ಮತ್ತೆ ಒತ್ತಿದ. ಟಿಕ್.

ಬೋರ್ಡಿನವನು ಕಿವಿಯಿಟ್ಟು ಕೇಳಿ, "ಒಳಗಡೆ ಇನ್ನೂ ಒಣಗಿಲ್ಲ ಯಜಮಾನ್ರೇ, ಬಿಸಿಲಿಗೆ ಬಿಡಿ," ಅಂದ.

ಬಿಟ್ಟೆವು. ಹಪ್ಪಳ ಕಾಯುವ ಹಾಗೆ ಕೂತು, ಕಾಗೆ ಓಡಿಸುತ್ತ, ಟ್ರ್ಯಾಕ್ಟರ್ ಒಣಗಿಸಿದ ಸಂಘ ಈ ರಾಜ್ಯದಲ್ಲಿ ನಮ್ಮದೊಂದೇ ಇರಬೇಕು.

ತಳ್ಳಿದರೆ ಬದುಕು

ಒಣಗಿದರೂ ಟಿಕ್ ಹೋಗಲಿಲ್ಲ. ಮುಂದುಗಡೆ ಹಾಕಿ ತಿರುಗಿಸುವ ಹ್ಯಾಂಡಲ್ ದೊರೆಯ ಜೊತೆ ಅವನ ಸೀಮೆಗೇ ಹೋಯಿತೋ ಏನೋ, ನಾವಂತೂ ಕಂಡಿರಲಿಲ್ಲ. ಉಳಿದದ್ದು ತಳ್ಳುವುದು. ಕೋಟೆ ರಸ್ತೆಯ ಇಳಿಜಾರಿಗೆ ತಂದು ತಳ್ಳಿದರೆ ಇಂಜಿನ್ನು ಹಿಡಿದುಕೊಳ್ಳುತ್ತಿತ್ತು. ಆದರೆ ಒಮ್ಮೆ ಹಿಡಿದ ಮೇಲೆ ನಿಲ್ಲಿಸಲು ಯಾರಿಗೂ ಧೈರ್ಯವಿಲ್ಲ. ಡ್ರೈವರ್ ಮುದ್ದೆ ತಿನ್ನಲು ಇಳಿದರೆ ಟ್ರ್ಯಾಕ್ಟರು ನಿಂತಲ್ಲೇ ಗುಡುಗುಡು ಅನ್ನುತ್ತ ಅವನು ಕೈ ತೊಳೆಯುವುದನ್ನು ಕಾಯುತ್ತಿತ್ತು.

ಒಂದು ಬೆಳಿಗ್ಗೆ ಮಡಿಯ ಮೆತ್ತನೆ ಮಣ್ಣಲ್ಲೇ ಇಂಜಿನ್ನು ಆರಿತು. ಎಲ್ಲರೂ ತಳ್ಳಿದೆವು. ಚಕ್ರ ಹೂತುಕೊಂಡವು. ನಮ್ಮಲ್ಲಿ ಹರಿವೆ, ಮೆಂತ್ಯ ಬೆಳೆದು ಮಾರುವ ಒಬ್ಬ ಮುದುಕಿ ಇದ್ದಳು, ಊರಿಗೆಲ್ಲ ಸೊಪ್ಪಿನಜ್ಜಿ. ಅವಳ ಮಡಿಯ ಸರದಿ ಆ ದಿನ. ಅವಳೂ ಸೊಂಟ ಕೊಟ್ಟು ತಳ್ಳಿ, ಬೆವರು ಒರೆಸಿ, ನನ್ನ ಕಡೆ ತಿರುಗಿದಳು.

"ಅಲ್ಲ ಮಾರಾಯ, ಇಷ್ಟು ಜನ ಇಷ್ಟೊತ್ತು ನೇಗಿಲನ್ನೇ ಎಳ್ದಿದ್ರೆ ಉಳುಮೆ ಮುಗ್ದು ಸೊಪ್ಪೂ ಬಂದಿರ್ತಿತ್ತಲ್ಲೋ!"

ಸೆಲ್ಫು

ಡ್ರೈವರುಗಳ ಬಾಯಲ್ಲಿ ಸ್ಟಾರ್ಟರಿಗೆ 'ಸೆಲ್ಫ್' ಎಂದು ಹೆಸರು. ಸಂಘದ ಸಭೆಯಲ್ಲಿ ನಮ್ಮ ಡ್ರೈವರ್ ಎದ್ದು ನಿಂತು, "ಸೆಲ್ಫ್ ಹೋಗಿದೆ ಯಜಮಾನ್ರೇ," ಅಂದ.

ಅಧ್ಯಕ್ಷರಿಗೆ ಎರಡು ಹುಚ್ಚು. ಒಂದು, ಸೋಮವಾರ ಸಂಜೆ ಪ್ರವಚನ ಹೇಳುವುದು. ಇನ್ನೊಂದು, ಸಭೆಯಲ್ಲಿ ಇಂಗ್ಲಿಷ್ ಮಾತು ಬಂದರೆ ಅಲ್ಲೇ ಕನ್ನಡ ಮಾಡುವುದು. ಎರಡನೆಯದನ್ನು ನಾನೂ ಮೆಚ್ಚುತ್ತಿದ್ದೆ, ಆ ದಿನದವರೆಗೆ.

"ಸೆಲ್ಫ್ ಅಂದ್ರೆ ಆತ್ಮ," ಅಂದರು ಕಣ್ಣು ಮುಚ್ಚಿ. "ಆತ್ಮ ಹೋಯ್ತು ಅಂದ್ಮೇಲೆ ಉಳಿದದ್ದು ಏನು? ದೇಹ. ದೇಹದ ಮೇಲೆ ವ್ಯಾಮೋಹ ಇಟ್ಕೋಬಾರ್ದು. ಗುಜರಿ ಲೆಕ್ಕದಲ್ಲಿ ಹರಾಜು ಹಾಕೋಣ."

ವ್ಯಾಮೋಹವಿಲ್ಲದೆ ಅದನ್ನು ಕೊಳ್ಳಲು ಅವರ ಭಾವಮೈದುನ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಆಯನೂರಿನ ಕಡೆ ದೊಡ್ಡ ತೋಟ.

ನಾನು ಎದ್ದು ಧಿಕ್ಕಾರ ಕೂಗಿದೆ. ನಾನು ಯಾವ ಸಭೆಯಲ್ಲೂ ಕೂಗುವವನೇ, ಆದ್ದರಿಂದ ಯಾರೂ ತಿರುಗಿ ನೋಡಲಿಲ್ಲ. ಸಭೆ ನಿಂತದ್ದು ಸೊಪ್ಪಿನಜ್ಜಿಯ ಮಾತಿಗೆ.

"ಆತ್ಮ ಹೋದ್ರೆ ಹೋಗ್ಲಿ ಯಜಮಾನ್ರೇ. ತಿಥಿ ಊಟ ನಿಮ್ಮನೇಲೋ, ನಿಮ್ಮ ಭಾವಮೈದ್ನನ ಮನೇಲೋ?"

ಗೋಣಿಚೀಲ

ಹರಾಜಿಗೆ ಮುಂಚೆ ಸ್ಟಾರ್ಟರು ಸರಿಮಾಡಿಸಬೇಕು ಎಂದು ನಾನೂ ಡ್ರೈವರೂ ಗುಟ್ಟಾಗಿ ಅದನ್ನು ಬಿಚ್ಚಿದೆವು. ದೊರೆಯ ಕಾಲದಲ್ಲಿ ಆ ಟ್ರ್ಯಾಕ್ಟರು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಸಾಹೇಬರ ಗ್ಯಾರೇಜು ಭದ್ರಾವತಿಯಲ್ಲಿತ್ತು. ಗೋಣಿಚೀಲದಲ್ಲಿ ಸ್ಟಾರ್ಟರು ಹಾಕಿಕೊಂಡು ನಾನು ಬಸ್ಸು ಹತ್ತಿದೆ. ಉದ್ದನೆ ಕಬ್ಬಿಣದ ಡಬ್ಬಿ, ಒಂದು ತುದಿಗೆ ತಂತಿ. ಚೀಲದ ಬಾಯಿಂದ ತಂತಿ ಹೊರಗೆ ನೋಡುತ್ತಿತ್ತು.

ಅದೇ ಬಸ್ಸಿನಲ್ಲಿ ಒಬ್ಬ ಪೊಲೀಸ್ ಪೇದೆ. ಅವನು ನನ್ನನ್ನು ಬಲ್ಲ, ಮೆರವಣಿಗೆಗಳಲ್ಲಿ ನನ್ನ ಅಂಗಿ ಹಿಡಿದಿದ್ದವನು.

"ಏನ್ರೀ ಅದು ಚೀಲದಲ್ಲಿ?"

"ಸ್ಟಾರ್ಟರ್."

"ಏನ್ ಸ್ಟಾರ್ಟ್ ಮಾಡೋಕೆ?"

"ಸದ್ಯಕ್ಕೆ ಉಳುಮೆ."

"ಸದ್ಯಕ್ಕೆ ಅಂದ್ರೆ? ಆಮೇಲೆ?"

"ಆಮೇಲಿಂದು ಜನ ತೀರ್ಮಾನ ಮಾಡ್ತಾರೆ."

ನಾನು ನಿಜವನ್ನೇ ಹೇಳಿದ್ದು. ಆದರೆ ಅವನ ಮುಖ ನೋಡಿ ಪಕ್ಕದವನು ಎದ್ದ. ಅವನನ್ನು ನೋಡಿ ಹಿಂದಿನ ಸಾಲು ಎದ್ದಿತು. ಕೊನೆಗೆ ಪೇದೆಯೂ ಬಸ್ಸಿನ ಡ್ರೈವರನ ಹತ್ತಿರ ಹೋಗಿ ನಿಂತ. ಶಿವಮೊಗ್ಗದಿಂದ ಭದ್ರಾವತಿಗೆ ಕಾಲು ಚಾಚಿ ಮಲಗಿಕೊಂಡು ಹೋದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಅರ್ತ್

ಮಿಸ್ತ್ರಿ ಸಾಹೇಬರು ಜಂಬದ ಮನುಷ್ಯ. ತಾವು ಮುಟ್ಟಿದರೆ ರೋಡ್ ರೋಲರೂ ಕುಣಿಯುತ್ತದೆ ಎನ್ನುವವರು. ಸ್ಟಾರ್ಟರನ್ನು ಮೇಜಿನ ಮೇಲಿಟ್ಟು, ನೇರವಾಗಿ ಬ್ಯಾಟರಿಯ ತಂತಿ ಮುಟ್ಟಿಸಿದರು. ಅದು ಗುರ್‍ರೆಂದು ಎಗರಿ, ಮೇಜಿನಿಂದ ಹಾರಿ, ಅವರ ಚಹಾ ಚೆಲ್ಲಿ ಕೆಳಗೆ ಬಿತ್ತು.

"ಅರೆ ಭಾಯಿ, ಇದಕ್ಕೇನಾಗಿದೆ? ಕುದುರೆ ಇದ್ದಂಗಿದೆ! ಕಾಯಿಲೆ ಗಾಡೀಲಿದೆ. ನಡೀರಿ."

ಮಾರನೆಯ ದಿನ ಬಂದು, ಸ್ಟಾರ್ಟರು ಕೂರಿಸಿ, ಬ್ಯಾಟರಿಯ ತಂತಿ ಹಿಡಿದು ಹೋಗಿ ಅದೇ ಬೋಲ್ಟ್ ಬಿಚ್ಚಿದರು. ಕೆಳಗೆ ಥಳಥಳ ಕೆಂಪು. ತಂತಿ ಬಣ್ಣವಿಲ್ಲದ ಬರೀ ಕಬ್ಬಿಣಕ್ಕೆ ತಗುಲಿದರೆ ಮಾತ್ರ ಕರೆಂಟು ಓಡುತ್ತದೆ. ಗ್ಯಾರೇಜಿನವರು ಅದಕ್ಕೆ 'ಅರ್ತ್' ಅನ್ನುತ್ತಾರೆ. ಇಲ್ಲಿ ಹಬ್ಬದ ಬಣ್ಣ ನಡುವೆ ಕೂತಿತ್ತು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಅಂದು ಸೋಮವಾರ. ಕೊರಳಲ್ಲಿ ಪ್ರವಚನದ ಹಾರ ಇನ್ನೂ ಇತ್ತು.

ಸಾಹೇಬರು ತಲೆಯೆತ್ತಿ, ಊರಿಗೆಲ್ಲ ಕೇಳುವ ಹಾಗೆ ಅಂದರು: "ಯಜಮಾನ್ರೇ, ನಿಮ್ದ್ರಲ್ಲಿ ಅರ್ತ್ ಇಲ್ಲ!"

"ಏನಂದೆ?"

"ಬಿಲ್ಕುಲ್ ಅರ್ತ್ ಇಲ್ಲ. ಮೇಲೆ ಬರೀ ಬಣ್ಣ. ಕೆರೆದು ನೋಡಿದ್ರೆ ಗೊತ್ತಾಗುತ್ತೆ."

ಅಧ್ಯಕ್ಷರ ಮುಖ ಟ್ರ್ಯಾಕ್ಟರಿನ ಬಣ್ಣಕ್ಕೆ ತಿರುಗಿತು. "ನನ್ನ ಪ್ರವಚನದಲ್ಲಿ ಅರ್ಥ ಇಲ್ಲ ಅನ್ನೋಕೆ ಇವನ್ಯಾರು? ಹೊರಗೆ ಕಳಿಸ್ರಿ ಇವನ್ನ! ಹರಾಜಾಗೋವರೆಗೂ ಯಾರೂ ಗಾಡಿ ಮುಟ್ಟಕೂಡ್ದು!"

ಬೋಲ್ಟು ಸಡಿಲವಾಗಿಯೇ ಉಳಿಯಿತು. ಸಾಹೇಬರು ಹೊರಡುವಾಗ ನನ್ನ ಕಿವಿಯಲ್ಲಿ, "ನಾನು ಅವರ ಪ್ರವಚನ ಕೇಳೇ ಇಲ್ಲ ಭಾಯಿ. ಕೇಳ್ದೇನೇ ಸರಿಯಾಗಿ ಹೇಳ್ಬಿಟ್ನಾ?" ಅಂದರು.

ಹರಾಜು

ಹರಾಜು ನಮ್ಮ ಮಡಿಗಳ ಅಂಚಿನಲ್ಲೇ. ಮಣ್ಣಿನ ಹದ ಮುಗಿಯುತ್ತ ಬಂದಿತ್ತು. ಟ್ರ್ಯಾಕ್ಟರು ಆಯನೂರಿಗೆ ಹೋದರೆ ಆ ಚಳಿಗಾಲಕ್ಕೆ ನಮ್ಮ ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯುವಂತಿರಲಿಲ್ಲ. ಇಡೀ ಹೊಳೆದಂಡೆ ಬಂದು ನಿಂತಿತ್ತು.

ಆ ದಿನ ನನ್ನ ಗಂಟಲು ಮೊದಲ ಸಲ ಉಪಯೋಗಕ್ಕೆ ಬಂತು. ನಾನು ಒಂದು ಕಡೆ ಕಲ್ಲಿನ ಮೇಲೆ ಹತ್ತಿ ಧಿಕ್ಕಾರ ಕೂಗಲು ಶುರುಮಾಡಿದೆ. ಅಧ್ಯಕ್ಷರು, ಭಾವಮೈದುನ, ಹರಾಜು ಕೂಗುವವನು ಮೂವರೂ ನನ್ನ ಬಾಯಿ ಮುಚ್ಚಿಸಲು ಬಂದರು. ಇನ್ನೊಂದು ಕಡೆ ಸೊಪ್ಪಿನಜ್ಜಿ, ಹಸುವಿಗೆ ಹುಲ್ಲು ಕೊಯ್ಯುವವಳ ಹಾಗೆ ಟ್ರ್ಯಾಕ್ಟರಿನ ಹತ್ತಿರ ಕೂತು, ಕುಡುಗೋಲಿನಿಂದ ಆ ಕೆಂಪು ಬಣ್ಣವನ್ನು ಕಬ್ಬಿಣ ಬೆಳಗುವವರೆಗೆ ಕೆರೆದಳು. ಧೂಳು ಒರೆಸುವ ನೆಪದಲ್ಲಿ ಡ್ರೈವರ್ ತಂತಿ ಕೂರಿಸಿ ಬೋಲ್ಟ್ ಬಿಗಿದ. ನಾನು ಕಲ್ಲಿನಿಂದ ಇಳಿದೆ.

"ಇದು ಸತ್ತ ಗಾಡಿ ಅಂತ ಎಲ್ಲರ ಎದುರಿಗೇ ತೋರಿಸ್ತೀನಿ," ಎಂದು ಅಧ್ಯಕ್ಷರೇ ಪಂಚೆ ಎತ್ತಿ ಕಟ್ಟಿ ಸೀಟಿನ ಮೇಲೆ ಕೂತರು. ಗಾಡಿ ಗೇರಿನಲ್ಲಿತ್ತು. ಹಿಂದಿನ ನೇಗಿಲು ನೆಲಕ್ಕೆ ಊರಿತ್ತು. ಅವರಿಗೆ ಎರಡೂ ಗೊತ್ತಿಲ್ಲ. "ನೋಡ್ಕೊಳ್ಳಿ, ಬರೀ ಟಿಕ್!" ಎಂದು ಬಟನ್ ಒತ್ತಿದರು.

ಟ್ರ್ಯಾಕ್ಟರು ಎಗರಿತು. ಇಂಜಿನ್ನು ಹಿಡಿದುಕೊಂಡಿತು. ಅಧ್ಯಕ್ಷರು ಎರಡೂ ಕೈಯಲ್ಲಿ ಸ್ಟೀರಿಂಗ್ ತಬ್ಬಿಕೊಂಡು ಸೀದಾ ಮಡಿಗಳ ಒಳಗೆ ಹೊರಟೇಬಿಟ್ಟರು.

"ನಿಲ್ಸ್ರೋ! ಯಾರಾದ್ರೂ ನಿಲ್ಸ್ರೋ!"

"ಬಟನ್ ಒತ್ತಿ ಯಜಮಾನ್ರೇ!" ಎಂದು ಯಾರೋ ಕೂಗಿದರು.

"ಒತ್ತಿದ್ದಕ್ಕೇ ಅಲ್ವೇನ್ರೋ ಈ ಗತಿ!"

ಹಿಂದೆ ಮಣ್ಣು ಬೆಣ್ಣೆಯ ಹಾಗೆ ಮಗುಚಿಕೊಳ್ಳುತ್ತಿತ್ತು. ಭಾವಮೈದುನ ಓಡಿಬಂದು, "ಭಾವ, ಇಳೀರಿ!" ಅಂದ. "ಇಳಿಯೋದು ಹೇಗೋ?" ಅಂದರು ಅವರು. ಡ್ರೈವರ್ ಹೋಗಿ ನಿಲ್ಲಿಸಬಹುದಿತ್ತು. ಅವನು ಆಗಲೇ ಬೀಡಿ ಹಚ್ಚಿದ್ದ. "ಇದೊಂದು ಮುಗಿಸಿ ಹೋಗ್ತೀನಿ," ಅಂದ.

ಅಷ್ಟರಲ್ಲಿ ಸೊಪ್ಪಿನಜ್ಜಿ ಸೆರಗು ಸಿಕ್ಕಿಸಿ ಟ್ರ್ಯಾಕ್ಟರಿನ ಪಕ್ಕಕ್ಕೇ ಓಡಿದಳು.

"ಯಜಮಾನ್ರೇ, ಇದು ಪಕ್ಕದೋನ್ದು! ನನ್ನ ಮಡಿ ಬಲಕ್ಕೆ! ಬಲಕ್ಕೆ ಎಳೀರಿ, ಬಲಕ್ಕೆ! ಹಾಂ, ಹಂಗೆ! ಕೈ ಚೆನ್ನಾಗಿ ಕೂತಿದೆ ನಿಮ್ಗೆ. ಇನ್ನೊಂದು ಸಾಲು!"

ಅಧ್ಯಕ್ಷರು ಎಳೆದರು. ಬೀಡಿ ಮುಗಿಯುವಷ್ಟರಲ್ಲಿ ಅಜ್ಜಿಯ ಮಡಿ ಪೂರ್ತಿ ಉತ್ತಾಗಿತ್ತು. ಡ್ರೈವರ್ ಹತ್ತಿ ನಿಲ್ಲಿಸಿ, ಅಧ್ಯಕ್ಷರನ್ನು ಕೈಹಿಡಿದು ಇಳಿಸಿದ. ಹರಾಜು ಅಲ್ಲಿಗೇ ನಿಂತಿತು, ಕೂಗುವವನು ಮನೆಯ ದಾರಿ ಹಿಡಿದ, ಅವನ ಹಿಂದೆಯೇ ಭಾವಮೈದುನನೂ. ಜನ ನಕ್ಕು ನಕ್ಕು ಬದುವಿನ ಮೇಲೆ ಬಿದ್ದಿದ್ದರು. ಅಜ್ಜಿ ಮಾತ್ರ ನಗದೆ, ಮಡಿಲಿನಿಂದ ಮೆಂತ್ಯದ ಕಾಳು ತೆಗೆದು, ಅಧ್ಯಕ್ಷರ ಮುಖ ನೋಡಿ ಕೇಳಿದಳು:

"ನಾಳೆ ಎಷ್ಟೊತ್ತಿಗೆ ಬರ್ತೀರಿ? ನನ್ನ ತಂಗೀದೂ ಒಂದು ಮಡಿ ಇದೆ."

ಓದಿ ನಕ್ಕಿರಾ? ಸರಿ, ಈಗ ಏಳಿ. ನಿಮ್ಮ ಸಂಘದ ಷೆಡ್ಡಿನಲ್ಲೂ 'ಕೆಟ್ಟಿದೆ' ಎಂದು ಬೀಗ ಬಿದ್ದ ಯಂತ್ರ ಒಂದಿದ್ದೇ ಇರುತ್ತದೆ. ಅದು ನಿಮ್ಮದು. ಇವತ್ತೇ ಹೋಗಿ, ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ಬೀಗ ತೆಗೆಸಿ. ಕೆಟ್ಟಿದೆ ಎಂದವರನ್ನೇ ಸೀಟಿನ ಮೇಲೆ ಕೂರಿಸಿ, ನಿಮ್ಮ ಕಣ್ಣೆದುರಿಗೆ ಬಟನ್ ಒತ್ತಿಸಿ.