ಗುಂಡ ಕರಿ ಮಾಡೋ ಪರೀಕ್ಷಾ

ಜರಾ ಹತ್ರ ಸರೀರಿ. ಬಾಗಿಲಾ ಮುಂದ ಮಾಡ್ರಿ. ನಾ ಈಗ ಹೇಳೂದು ನಿಮ್ಮ ಹೊಟ್ಯಾಗೇ ಇರಬೇಕು, ಹೊರಗ ಹೋಗಬಾರದು. ನಿಮಗಿಂತ ಮೊದಲ ನಾಕೇ ನಾಕು ಮಂದಿಗಿ ಹೇಳೀನಿ, ಅವರೂ ಆಣಿ ಮಾಡ್ಯಾರ. ಆದ್ರೂ ಊರ ತುಂಬ ಹ್ಯಾಂಗ ಆಯ್ತೋ ಆ ದೇವರಿಗೇ ಗೊತ್ತು.

ಠಾಣಾ ಕುಶನೂರ ದಾರಿ ಮ್ಯಾಲ, ಔರಾದ ತಾಲೂಕಿನಾಗ ನಮ್ಮದೊಂದು ಸಣ್ಣ ಊರು. ಹೆಸರು ಕೇಳಬ್ಯಾಡ್ರಿ. ಅಲ್ಲಿ ಸರಕಾರಿ ಸಾಲ್ಯಾಗ ಬಿಸಿಯೂಟ ಮಾಡಾಕಿ ನಾ. ಕಲತಿದ್ದು ಎರಡ್ನೇ ಇಯತ್ತಾ, ಅದೂ ಅರ್ಧ. ಆದ್ರ ಆ ಸಾಲ್ಯಾಗ ನನ್ನಷ್ಟು ವರ್ಷ ಯಾವ ಮಾಸ್ತರೂ ನಿಂತಿಲ್ಲ. ಒಲಿ ಮುಂದ ಕುಂತೇ ಎಲ್ಲಾ ನೋಡೀನಿ. ಮ್ಯಾಲಿಂದ ಎಲ್ಲಾ ಮಕ್ಕಳಿಗಿ ಒಂದೇ ಅಳತಿ ಪರೀಕ್ಷಾ ಬಂತಂದ್ರ ಒಂದಿಲ್ಲೊಂದು ತಮಾಷಾ ಆಗೇ ಆಗ್ತದ. ಒಂದು ವರ್ಷನೂ ತಪ್ಪಿಲ್ಲ.

ಆದ್ರ ಈ ಸಲ ತಮಾಷಾದ ಜೋಡಿ ಒಬ್ಬಾಕಿ ನೌಕರಿನೂ ಜೋತಾಡ್ಲಿಕತ್ತಿತ್ತು. ನಮ್ಮ ಬಾಜೂ ಮನಿ ಟೀಚರಬಾಯಿದು. ಮುಸಲ್ಮಾನರ ಹುಡುಗಿ, ಬೀದರ ಶಹರದಾಗ ಹುಟ್ಟಿ ಬೆಳದಾಕಿ. ಮನ್ಯಾಗ ಉರ್ದು, ಸಾಲ್ಯಾಗ ಮಾತ್ರ ನಮಗಿಂತ ಚೊಕ್ಕ ಕನ್ನಡ. ನನಗ ಮೌಶಿ ಅಂತಾಳ. ಗಂಡ ಗಾಂಧಿ ಗಂಜದಾಗ ಮಾಲಿನ ಆಟೋ ಹೊಡೀತಾನ, ವಾರಕ್ಕೊಮ್ಮೆ ಬರ್ತಾನ. ಬಂದ ದಿನ ಆ ಮನ್ಯಾಗ ಏನೇನು ಮಾತಾಗ್ತದ ಅಂತ ನನಗ ಗೊತ್ತದ, ನಡುವ ಗೋಡಿ ಒಂದೇ. ಅದು ಬ್ಯಾರೆ ಕಥಿ, ಆಮ್ಯಾಲ ಬರ್ರಿ, ಹೇಳ್ತೇನಿ.

ಟೀಚರಬಾಯಿ ಗೆಸ್ಟ್ ಟೀಚರ. ಅಂದ್ರ ವರ್ಷಾ ವರ್ಷಾ ಹೊಸಾದಾಗಿ ತಗೋಬೇಕು. ಐದನೇ ಇಯತ್ತಾದ ಮಕ್ಕಳು ಅರ್ಧಕ್ಕಿಂತ ಕಮ್ಮಿ ಪಾಸಾದ್ರ ಮುಂದಿನ ವರ್ಷ ಬ್ಯಾರೇದವ್ರು ಅಂತ ಹೆಡ್‌ಮಾಸ್ತರು ಖುಲ್ಲಾ ಹೇಳಿಬಿಟ್ಟಿದ್ರು. ಬ್ಯಾರೇದವ್ರು ಅಂದ್ರ ಯಾರು? ಸಾಲಿ ಕಮಿಟಿ ಅಧ್ಯಕ್ಷನ ಸೊಸಿ. ಆಕಿ ಬಿ.ಎಡ್. ಮಾಡ್ಯಾಳಂತ. ಆ ಕಾಗದಾ ಯಾರೂ ನೋಡಿಲ್ಲ, ಆಕಿ ಹೆಗಲಿಗಿ ಜೋತು ಬಿದ್ದ ಹೊಸಾ ಬ್ಯಾಗ್ ಮಾತ್ರ ಊರೆಲ್ಲಾ ನೋಡ್ಯದ.

೧. ಮುಖ್ಯ ಆಹಾರ

ಈಗಿನ ಪರೀಕ್ಷಾ ನಿಮ್ಮ ನಮ್ಮ ಕಾಲದ್ದಲ್ರಿ. ಬರಿಯೂದೇ ಇಲ್ಲ. ಒಂದು ಪ್ರಶ್ನಿ, ಅದರ ಮುಂದ ಅ, ಆ, ಇ, ಈ ಅಂತ ನಾಕು ಗುಂಡ. ನಿಮಗ ಸರಿ ಅನ್ಸಿದ ಒಂದು ಗುಂಡಾ ಪೆನ್ನಿನಿಂದ ಕರಿ ಮಾಡಬೇಕು. ಅದನ್ನ ಮಶೀನ್ ನೋಡ್ತದ. ಮಾಸ್ತರು ನೋಡಂಗಿಲ್ಲ, ಮಾಸ್ತರ ಮ್ಯಾಲ ಯಾರಿಗೂ ಭರೋಸಾ ಇಲ್ಲ.

ಮೊದಲ ಒಂದು ತಯಾರಿ ಪರೀಕ್ಷಾ ಇಟ್ರು. ಅದರಾಗ ಒಂದು ಪ್ರಶ್ನಿ: 'ನಮ್ಮ ಮುಖ್ಯ ಆಹಾರ ಯಾವುದು?' ಅ ಅಂದ್ರ ಅನ್ನ, ಆ ಅಂದ್ರ ರಾಗಿ ಮುದ್ದೆ, ಇ ಅಂದ್ರ ಇಡ್ಲಿ, ಈ ಅಂದ್ರ 'ಇವುಗಳಲ್ಲಿ ಯಾವುದೂ ಅಲ್ಲ'. ನಮ್ಮ ಮಕ್ಕಳು ಒಂದೂ ಬಿಡದ ಎಲ್ಲಾರೂ 'ಈ' ಗುಂಡಾನೇ ಕರಿ ಮಾಡ್ಯಾರ. ಯಾಕಂದ್ರ ಜ್ವಾಳದ ರೊಟ್ಟಿ ಎಲ್ಲೂ ಕಾಣಸಲೇ ಇಲ್ಲ. ಮ್ಯಾಲಿಂದ ಬಂದ ಉತ್ತರದ ಹಾಳಿ ನೋಡಿದ್ರ, 'ಅ, ಅನ್ನ'. ಎಲ್ಲಾರದೂ ತಪ್ಪು.

ಟೀಚರಬಾಯಿ ತಲಿ ಮ್ಯಾಲ ಕೈ ಇಟ್ಕೊಂಡು ಕುಂತಳು. ಹೆಡ್‌ಮಾಸ್ತರು ಮಕ್ಕಳಿಗಿ ಜೋರು ಮಾಡಿದ್ರು: "ದಿನಾ ಇದೇ ಸಾಲ್ಯಾಗ ಗಂಗಾಳ ತುಂಬ ಅನ್ನ ಉಣ್ತೀರಿ, ಆದ್ರೂ ಅನ್ನ ಅಂತ ಹೊಳೀಲಿಲ್ಲೇನು?"

ಒಂದು ಹುಡುಗಿ ಎದ್ದು ನಿಂತು ಕೈ ಕಟ್ಟಿ ಹೇಳ್ತು: "ಅದು ಸಾಲ್ಯಾಗ ಉಣ್ಣೂದರಿ ಸರ್. ಮನಿಗಿ ಹೋಗಿ ಆಮ್ಯಾಲ ಊಟ ಮಾಡ್ತೇವರಿ."

ಇಷ್ಟು ವರ್ಷ ಒಲಿ ಮುಂದ ಬೆಂದ ನನ್ನ ಅಡಗಿಗಿ ಸಿಕ್ಕ ಮಾರ್ಕ್ಸ್ ಇದು ನೋಡ್ರಿ.

೨. ಕಳದ ಆಡು

ಹಂಗ ಎದ್ದು ನಿಂತ ಹುಡುಗಿ ಕುರಿ ಕಾಯೋರ ಮನಿದು. ನೆನಪಿಡ್ರಿ ಆಕಿನ್ನ. ಅವರ ಮನಿ ಮಂದಿಗಿ ಕುರಿ ಎಣಿಸೂದು ಬ್ಯಾಡ, ಹಿಂಡ ಹಂಗೇ ನೋಡಿ ಒಂದು ಇಲ್ಲಂದ್ರ ಹೇಳ್ತಾರ.

ಒಂದಿನ ಬೀದರದಿಂದ ಒಬ್ಬ ಸಾಹೇಬ ಬಂದ. ಬೆಂಗಳೂರ ಕಡಿಯವ, ಇಸ್ತ್ರಿ ಅಂಗಿ, ಬಿಸಲಿಗಿ ಮುಖ ಟೊಮ್ಯಾಟೊ ಆಗಿತ್ತು. ಮಕ್ಕಳು ಒಂದು ನಿಮಿಷಕ್ಕ ಎಷ್ಟು ಶಬ್ದ ಓದ್ತಾರಂತ ಅಳೀಲಿಕ್ಕ ಬಂದಿದ್ದ. ಮೊಬೈಲದಾಗ ಗಡಿಯಾರ ಹಚ್ಚಿ ಕುರಿ ಹುಡುಗಿ ಕೈಯಾಗ ಒಂದು ಹಾಳಿ ಕೊಟ್ಟ. ಆಕಿ ಓದಿದಳು, ಛಂದೇ ಓದಿದಳು: "ಒಂದು ಊರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಅಜ್ಜಿಯ ಬಳಿ ಒಂದು ಆಡು ಇತ್ತು. ಒಂದು ದಿನ ಆಡು ಕಾಣೆಯಾಯಿತು."

ಅಷ್ಟಕ್ಕೇ ನಿಂತಳು.

"ಮುಂದೆ ಓದಮ್ಮ," ಅಂದ ಸಾಹೇಬ.

"ಯಾವ ಕಡಿ ಹೋತರಿ ಅದು?"

"ಅದೆಲ್ಲ ಬೇಡ. ಓದು."

"ಕೊರಳಾಗ ಗಂಟಿ ಇತ್ತೇನ್ರಿ?"

"ಸಮಯ ಹೋಗ್ತಾ ಇದೆ!"

"ಅದಕ್ಕೇ ಕೇಳ್ಲಿಕತ್ತೀನ್ರಿ. ಹೊತ್ತು ಹೋತಂದ್ರ ತೋಳ ಬರ್ತದರಿ."

ನಿಮಿಷ ಮುಗೀತು. ಸಾಹೇಬ ರಜಿಸ್ಟರದಾಗ ಆಕಿ ಹೆಸರಿನ ಮುಂದ 'ನಿಧಾನ ಕಲಿಕೆಯ ಮಗು' ಅಂತ ಬರದ. ಟೀಚರಬಾಯಿ, "ಸರ್, ಆಕಿ ತಿಳಕೊಂಡು ಓದ್ತಾಳ್ರಿ, ಅದಕ್ಕೇ ನಿಂತಳು," ಅಂದಳು. "ತಿಳಿದುಕೊಳ್ಳೋದಕ್ಕೆ ಇದರಲ್ಲಿ ಕಾಲಂ ಇಲ್ಲ," ಅಂದ ಸಾಹೇಬ.

ಸಾಲಿ ಬಿಡ್ತು. ಮಕ್ಕಳು ಮನಿ ಮನಿಗಿ ಹೋಗಿ ಏನು ಹೇಳಿದ್ವೋ ಏನೋ, ಸಾಹೇಬ ಬಸ್ ಸ್ಟ್ಯಾಂಡಿನಾಗ ಛಾ ಕುಡಿಯೂದ್ರಾಗ ಇಬ್ಬರು ಆಡು ಹಿಡಕೊಂಡು ಬಂದು ನಿಂತಿದ್ರು. "ಸಾಹೇಬ್ರ, ನಿಮ್ಮ ಆಡು ಕಳದದಂತಲ್ರಿ, ಇದರಾಗ ಯಾವುದು ನೋಡ್ರಿ."

ಸಾಹೇಬ ಕೈ ಮುಗದ: "ನನ್ನದಲ್ಲ ಕಣ್ರೀ! ಅದು ಪಾಠದ್ದು!"

"ಪಾಟೀಲರದೇನ್ರಿ?" ಅಂದ ಒಬ್ಬ ಮುದುಕ. "ಹಂಗಂತ ಮೊದಲೇ ಹೇಳಬಾರದೇನ್ರಿ. ಅವರ ಮನಿ ಇಲ್ಲೇ ಅದ, ಕಟ್ಟಿ ಬರ್ತೇನಿ."

ಕಟ್ಟೇ ಬಂದ. ಪಾಟೀಲರ ಮನಿಯವ್ರು ಬ್ಯಾಡ ಅನ್ಲಿಲ್ಲ, ಅವರ ಸ್ವಭಾವ ನಿಮಗ ಗೊತ್ತದಲ್ಲ.

೩. ಕಂಬಳಿ ಅಂಚು

ಮುಂದ ಹದಿನೈದು ದಿನಕ್ಕ ಎರಡ್ನೇ ತಯಾರಿ ಪರೀಕ್ಷಾ. ಎಲ್ಲಾ ಮಕ್ಕಳು ಪೆನ್ನು ಬಾಯಾಗ ಹಾಕ್ಕೊಂಡು ಮ್ಯಾಲ ನೋಡ್ಲಿಕತ್ತಾವ, ಕುರಿ ಹುಡುಗಿ ತಲಿ ಎತ್ತಲಿಲ್ಲ. ಎಲ್ಲಾರಕಿಂತ ಮೊದಲ ಮುಗಿಸಿ ಹಾಳಿ ಕೊಟ್ಟು ನನ್ನ ಹಂತ್ಯಾಕ ನೀರು ಕುಡಿಲಿಕ್ಕ ಬಂದಳು.

ಮಾರ್ಕ್ಸ್ ಬಂತು. ವರ್ಗಕ್ಕೇ ಮೊದಲನೇ ನಂಬರ್!

ಹೆಡ್‌ಮಾಸ್ತರು ತಮ್ಮ ಶಾಲು ತಂದು ಆಕಿಗಿ ಹೊಚ್ಚಿದ್ರು, ಫೋಟೋ ತಗದು ಬೀದರಕ್ಕ ಕಳಿಸಿದ್ರು. ಅಲ್ಲಿಂದ ಅದೇ ಸಾಹೇಬ ತನ್ನ ರಜಿಸ್ಟರದಾಗ 'ಪ್ರತಿಭಾವಂತ ಮಗು' ಅಂತ ಬರದು ಅದರ ಫೋಟೋ ಕಳಿಸಿದ. ಒಂದೇ ರಜಿಸ್ಟರ್, ಒಂದೇ ಹೆಸರು, ಒಂದೇ ಸಹಿ.

ಟೀಚರಬಾಯಿಗಿ ಮಾತ್ರ ಸಂಶಯ. ಮಗ್ಗಲಾಗ ಕುಂಡ್ರಿಸಿಕೊಂಡು ಸಮಾಧಾನದಿಂದ ಕೇಳಿದಳು: "ಬೇಟಿ, ಇಷ್ಟೆಲ್ಲಾ ಉತ್ತರ ಹ್ಯಾಂಗ ಗೊತ್ತಾತು?"

"ಉತ್ತರ ಎಲ್ಲಿದ್ವು ಬಾಯಿ? ಗುಂಡ ಸಾಲಾಗಿ ಇದ್ವಲ್ರಿ, ನಮ್ಮಪ್ಪ ನೇಯೋ ಕಂಬಳಿ ಅಂಚು ತಗದೀನಿ. ಆ ಕಡಿ ಹೋಗೂದು, ಈ ಕಡಿ ಬರೂದು."

ಟೀಚರಬಾಯಿ ಹಾಳಿ ಉದ್ದಕ ಹಿಡದು ನೋಡಿದಳು. ನಾನೂ ಬಗ್ಗಿ ನೋಡ್ದೆ. ಖರೇನೇ, ಹಾವು ಹರದಂಗ ಛಂದ ಅಂಚು.

ಹುಡುಗಿ ಮುಖ ಸಣ್ಣದು ಮಾಡ್ಕೊಂಡು ಅಂದಳು: "ಕೆಳಗ ಎರಡು ಕಡಿ ಎಳಿ ತಪ್ಪ್ಯದ ಬಾಯಿ. ಅವೆರಡೂ ಸರಿ ಉತ್ತರ ಅಂತ ಮಾರ್ಕ್ಸ್ ಕೊಟ್ಟಾರ."

ಆ ದಿನದಿಂದ ಟೀಚರಬಾಯಿ ಸಂಜಿಗಿ ಎಲ್ಲಾ ಮಕ್ಕಳನ್ನೂ ತನ್ನ ಮನಿ ಕಟ್ಟಿ ಮ್ಯಾಲ ಕುಂಡ್ರಿಸಿಕೊಂಡು ಪ್ರಶ್ನಿ ಓದೂದು ಕಲಿಸಲಿಕ್ಕತ್ತಳು. ಕೂಗಿ ಕೂಗಿ ಗಂಟಲಾ ಬಿದ್ದು ಹೋಗಿತ್ತು ಪಾಪ.

೪. ಬ್ಯಾಳ್ಯಾಗಿನ ಹುಳಾ

ಇದನ್ನ ಮಾತ್ರ ನಾ ಸತ್ರೂ ಹೇಳಬಾರದಂತ ಮಾಡಿದ್ದೆ. ಬಾಗಿಲಾ ಹಾಕ್ಯದಲ್ಲ?

ಖರೇ ಪರೀಕ್ಷಾ ಬಂತು. ಕಾಯಲಿಕ್ಕ ಬ್ಯಾರೆ ಊರ ಮಾಸ್ತರು, ಟೀಚರಬಾಯಿಗಿ ಸಾಲಿ ಗೇಟಿನ ಹೊರಗ ಇರು ಅಂದ್ರು. ಐದನೇ ಇಯತ್ತಾ ಖೋಲಿಗಿ, ನನ್ನ ಅಡಗಿ ಖೋಲಿಗಿ ನಡುವ ಒಂದು ಕಿಡಕಿ ಅದ. ಕಿಡಕಿಗಿ ಬಾಗಿಲಿಲ್ಲ. ಆ ಮಾಸ್ತರು ಒಂದೊಂದು ಪ್ರಶ್ನಿ ಓದಿ ಹೇಳಿ, ಮಕ್ಕಳು ಗುಂಡ ಕರಿ ಮಾಡೂತನಕ ಸುಮ್ಮ ನಿಂದರತಿದ್ರು.

ಈಗ ನನ್ನದೊಂದು ಮಾತು. ನನ್ನ ಎಡಗಿವಿ ಜರಾ ಮಂದ. ಬಲಗಿವಿ ನೆಟ್ಟಗದ, ಆದ್ರ ಅದು ಬಾಜೂ ಮನಿ ಗೋಡಿಗಿ ಬೇಕಲ್ರಿ. ನನ್ನ ಜೋಡಿ ಅಡಗಿ ಮಾಡಾಕಿ ಅವತ್ತು ನನ್ನ ಎಡಕ್ಕ ಕುಂತಿದ್ದಳು, ಮ್ಯಾಲ ಆಕಿ ಬಾಯಾಗ ಎಲಿ ಅಡಿಕಿ.

ಮಾಸ್ತರು ಮೊದಲನೇ ಪ್ರಶ್ನಿ ಓದಿ ನಿಂತ್ರು. ಈಕಿ, "ಉಪ್ಪು ಹಾಕಲೇನು?" ಅಂದಳು. ನಾ, "ಆಂ?" ಅಂದೆ. ಎರಡ್ನೇ ಪ್ರಶ್ನಿ ಆಯ್ತು. "ಉಪ್ಪು, ಉಪ್ಪು!" ಅಂದಳು. ನಾ ಮತ್ತ, "ಆಂ?" ಅಂದೆ. ಮೂರನೇದಕ್ಕ ಬ್ಯಾಳಿ ತೊಳೀಲಿಕ್ಕ ಹೋದ್ರ ಒಂದು ಬಿಳಿ ಹುಳಾ. "ಈ...!" ಅಂತ ಚೀರಿದೆ. ನಾಕನೇದಕ್ಕ ಕೈ ಸುಟ್ಟುಕೊಂಡು "ಅಯ್ಯ!" ಅಂದೆ. ಐದನೇದಕ್ಕ "ಇನ್ನ ಯಾವಾಗ ಬುದ್ಧಿ ಬರ್ತದೋ ಈಕಿಗಿ," ಅಂದೆ. ಹಿಂಗೇ ಪರೀಕ್ಷಾ ಮುಗಿಯೂತನಕ ನಡೀತು.

ಹದಿನೈದು ದಿನಕ್ಕ ಬೀದರದ ಮಶೀನ್ ಹೇಳ್ತು: ಈ ಸಾಲಿ ಮಕ್ಕಳೆಲ್ಲಾ ಪಾಸು, ಎಲ್ಲಾರದೂ ಒಂದೇ ಮಾರ್ಕ್ಸ್, ಎಲ್ಲಾರ ಸರಿ ಉತ್ತರನೂ ಒಂದೇ, ತಪ್ಪು ಉತ್ತರನೂ ಒಂದೇ. ಟೀಚರಬಾಯಿನೇ ಕಾಪಿ ಹೊಡಿಸ್ಯಾಳ ಅಂತ ಚೌಕಶಿ ನೋಟೀಸ್ ಬಂತು. ಅವತ್ತೇ ಅಧ್ಯಕ್ಷನ ಸೊಸಿ ಹೊಸಾ ಸೀರಿಗಿ ಫಾಲ್ ಹಚ್ಚಲಿಕ್ಕ ಕೊಟ್ಟಳು.

ಬಾಜೂ ಮನ್ಯಾಗ ಎರಡು ದಿನ ಒಲಿ ಹತ್ತಲಿಲ್ಲ. ಗೋಡಿಗಿ ಕಿವಿ ಹಚ್ಚಿದ್ರೂ ಒಂದು ಸಪ್ಪಳಿಲ್ಲ. ಸಾಲ್ಯಾಗ ಮಕ್ಕಳಿಗಿ ಬಡಸತಾ ಕೇಳಿದೆ: "ಖರೇ ಹೇಳ್ರಿ ಮಕ್ಕಳ, ಉತ್ತರ ಯಾರು ಹೇಳಿದ್ರು ನಿಮಗ?"

ಕುರಿ ಹುಡುಗಿ ಗಂಗಾಳ ಕೆಳಗಿಟ್ಟು ಅಂದಳು: "ನೀನೇ ಅಲ್ಲೇನು ಆಯಿ? ನೀ ಬಾಯಿ ಬಾಜೂ ಮನಿಯಾಕಿ, ಅದಕ್ಕ ಬಾಯಿನೇ ನಿನಗ ಹೇಳಿ ಕಳಿಸ್ಯಾಳ ಅಂದ್ಕೊಂಡೇವು. ಇಲ್ಲಾಂದ್ರ ನಮಗ ಎಷ್ಟೋ ಬರತಿದ್ವು."

ಸೌಟು ಅಲ್ಲೇ ಬಿಟ್ಟು ಟೀಚರಬಾಯಿ ಮನಿಗಿ ಓಡಿ ಎಲ್ಲಾ ಹೇಳಿದೆ.

ಮರುದಿನ ಟೀಚರಬಾಯಿ ಜೋಡಿ ಬೀದರದ ಆಫೀಸಿಗಿ ನಾನೂ ಹೋದೆ. ಅದೇ ಸಾಹೇಬ. ನನ್ನ ಎಡಕ್ಕ ಕುಂತು ಸಣ್ಣ ದನಿಯಾಗ ಕೇಳಿದ: "ಮಕ್ಕಳಿಗೆ ಉತ್ತರ ಹೇಳಿಕೊಟ್ಟಿದ್ದು ನೀವಾ?"

"ಆಂ?" ಅಂದೆ.

"ನೀವು ಹೇಳಿಕೊಟ್ರಾ ಅಂದೆ!"

"ಆಂ?"

ಸಾಹೇಬ ಮಕ್ಕಳ ಹಾಳಿ ನೋಡಿದ. ಒಂದನೇದು 'ಆ', ಎರಡ್ನೇದೂ 'ಆ'. ಮತ್ತ ನನ್ನ ನೋಡಿದ. ಎದ್ದು ನನ್ನ ಬಲಕ್ಕ ಬಂದು ನಿಂತ. "ಮತ್ತೆ ಮೂರನೇದಕ್ಕೆ 'ಈ' ಹೇಗೆ ಬಂತು?"

"ಅದು ಬ್ಯಾಳ್ಯಾಗ ಹುಳಾ ಬಂದಿತ್ತರಿ ಸಾಹೇಬ್ರ."

ಮೊದಲ ಅಲ್ಲೇ ಬರಕೋತ ಕುಂತಿದ್ದ ಗುಮಾಸ್ತ ನಕ್ಕ, ಆಮ್ಯಾಲ ಸಾಹೇಬ ನಕ್ಕ, ಟೀಚರಬಾಯಿ ಅಳಕೋತ ನಕ್ಕಳು. ಕಾಪಿ ಅಲ್ಲ ಅಂತ ಬರದ್ರು, ಮರುಪರೀಕ್ಷಾ ಇಟ್ರು. ಹುಳದ ಸಲುವಾಗಿ ನನಗ ಬ್ಯಾರೆ ನೋಟೀಸ್ ಬಂತು, ಆ ಮಾತು ಈಗ ಬ್ಯಾಡ.

ಮರುಪರೀಕ್ಷಾ ದಿನ ನನ್ನನ್ನ ಭಾಲ್ಕಿಗಿ, ನನ್ನ ತಂಗಿ ಮನಿಗಿ ಕಳಿಸಿದ್ರು. ಹೆಡ್‌ಮಾಸ್ತರು ತಾವೇ ಬಸ್ಸಿನಾಗ ಕುಂಡ್ರಿಸಿ, ಬಸ್ ಹೋಗೂತನಕ ಅಲ್ಲೇ ನಿಂತಿದ್ರು. ಮಕ್ಕಳು ತಮ್ಮ ತಲಿಯಿಂದ ತಾವೇ ಬರದ್ವು. ಅರ್ಧಕ್ಕಿಂತ ಜಾಸ್ತಿ ಪಾಸಾದ್ವು. ಟೀಚರಬಾಯಿದು ನೌಕರಿ ಉಳೀತು, ಸೊಸಿ ಸೀರಿ ಪೆಟ್ಟಿಗಿ ಸೇರ್ತು.

ನಾ ದೊಡ್ಡ ಉಪಕಾರ ಮಾಡಿದಾಕಿ ಹಂಗ ಮುಬಾರಕ್ ಹೇಳ್ಲಿಕ್ಕ ಬಾಜೂ ಮನಿಗಿ ಹೋದೆ. ಸಕ್ಕರಿ ಕೊಡ್ತಾಳ, ಛಾ ಇಡ್ತಾಳ ಅಂದ್ಕೊಂಡಿದ್ದೆ. ಆಕಿ ಚಾಪಿ ಮ್ಯಾಲ ಎರಡೂ ಪರೀಕ್ಷಾದ ಮಾರ್ಕ್ಸಿನ ಹಾಳಿ ಹರವಿಕೊಂಡು ಕುಂತಿದ್ದಳು. ತಲಿ ಎತ್ತಿ, ನನ್ನ ಬಲಗಿವಿ ಹಂತ್ಯಾಕ ಬಂದು, ಮಾರಿ ಮುಂದೇ ಅಂದಳು:

"ವರ್ಷಪೂರ್ತಿ ನಾ ಗಂಟಲಾ ಹರಕೊಂಡು ಕಲಿಸಿದ್ದಕ್ಕಿಂತ ನಿಮ್ಮ ಕಿವುಡಿಗೇ ಜಾಸ್ತಿ ಮಾರ್ಕ್ಸ್ ಬಂದಾವ ಮೌಶಿ. ಮುಂದಿನ ವರ್ಷ ಅರ್ಜಿ ನೀವೇ ಹಾಕ್ರಿ, ಒಲಿ ಮುಂದ ನಾ ಕುಂಡ್ರತೇನಿ."