ಬೋಟಿನ ಸಂಡಾಸ ಮತ್ತು ಕಾಕಾನ ದಿಕ್ಕು

ಮೊದಲೇ ಕ್ಷಮೆ ಕೇಳುತ್ತೇನೆ, ಇದನ್ನು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಮನೆಯಲ್ಲಿ ಹೇಳಲು ಹೋದರೆ ನಡುವೆಯೇ ಸಿಟ್ಟು ನೆತ್ತಿಗೇರಿ ಮಾತು ನಿಲ್ಲುತ್ತದೆ. ಹೆಂಡತಿ ನಗುತ್ತಾಳೆ. "ಬರದ ಇಡ್ರಿ, ಸಿಟ್ಟರ ಇಳೀತೈತಿ" ಎಂದವಳೂ ಅವಳೇ.

ನಾನು ಮೂಡಲಗಿಯ ಪ್ಲಂಬರ್. ಅಂದರೆ ನಳ, ಪೈಪು, ಸಂಡಾಸ ಎಲ್ಲವನ್ನೂ ಕೂಡಿಸುವವನು. ಇಂಥ ಕೆಲಸದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆದರೆ ಒಂದೇ ಬೋಟಿನಲ್ಲಿ ಇಷ್ಟೆಲ್ಲ ಆಗಬಾರದಿತ್ತು.

ಹುಕ್ಕೇರಿ ಕಡೆ, ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ, ನನಗೆ ಆಗಾಗ ಕೆಲಸ ಕೊಡುವ ಮಾಲಕರದೊಂದು ಮೋಟಾರು ಬೋಟು ಇದೆ. ಅದರ ಸಂಡಾಸವೆಂದರೆ ಒಂದು ತೂತು, ಕೆಳಗೆ ನೇರವಾಗಿ ನೀರು. ಅದೇ ನೀರನ್ನು ಎಷ್ಟೋ ಊರಿನವರು ಕುಡಿಯುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಕೌಜಲಗಿಯ ಮಹಿಳಾ ಸಂಘದವರು ಇಡೀ ದಿನಕ್ಕೆ ಬೋಟು ಕೇಳಿದಾಗ ಫೋನಿನಲ್ಲಿ ಮೊದಲು ಕೇಳಿದ್ದೇ ಸಂಡಾಸದ ವಿಚಾರ. ಮಾಲಕರು ನನ್ನನ್ನು ಕರೆಸಿದರು.

"ಹೊಸಾ ಕಮೋಡ, ಕೆಳಗ ಹೊಲಸು ನಿಲ್ಲಾಕ ಬಂದ್ ಟಾಕಿ, ಎಲ್ಲಾ ಮಾಡು. ಆ ಅಕ್ಕಗೋಳು ಚಲೋ ಐತಿ ಅಂದ್ರ, ಗೋಕಾಕ ಫಾಲ್ಸ್ ಹಂತ್ಯಾಕ ಕಟ್ಟಾಕತ್ತೇನಲ್ಲ, ಆ ಲಾಡ್ಜಿನ ಕೆಲಸಾನೂ ನಿಂದ. ಇಲ್ಲಂದ್ರ ಹುಕ್ಕೇರಿ ಪ್ಲಂಬರ್ ತಯಾರಾಗಿ ಕುಂತಾನ."

ಒಂದು ಇಡೀ ಲಾಡ್ಜು ಅಂದರೆ ನಮ್ಮಂಥವರಿಗೆ ವರ್ಷದ ಊಟ. ಅದಕ್ಕೇ ಮುಂದಿನದನ್ನೆಲ್ಲ ಸಹಿಸಿದೆ.

ಮೇಲಿನ ಟಾಕಿ

ಬೋಟಿನಲ್ಲಿ ನೀರಿನ ಟಾಕಿ ತಳದಲ್ಲಿರಬೇಕು, ಸಣ್ಣ ಮೋಟಾರು ನೀರನ್ನು ನಳಕ್ಕೆ ತಳ್ಳುತ್ತದೆ. ಮಾಲಕರು ಒಪ್ಪಲಿಲ್ಲ.

"ಟಾಕಿ ಮ್ಯಾಲ ಇರಬೇಕಲೇ. ನಮ್ಮ ಮನ್ಯಾಗ ಎಲ್ಲೈತಿ ನೋಡಿಲ್ಲೇನು?"

"ಮನಿ ತೇಲಂಗಿಲ್ರೀ ಮಾಲಕ್ರ."

"ನೀ ಕೂಡ್ಸು, ಶಾಣ್ಯಾತನ ಸಾಕು."

ಸಂಡಾಸ ಇರುವುದು ಬೋಟಿನ ಎಡಕ್ಕೆ, ಹಾಗಾಗಿ ಟಾಕಿಯೂ ಎಡಕ್ಕೆ. ನೀರು ತುಂಬಿದ ಹಾಗೆ ಬೋಟೂ ಎಡಕ್ಕೆ ವಾಲಿತು. ಈಗಲಾದರೂ ತಿಳಿದೀತು ಎಂದು ಅವರ ಮುಖ ನೋಡಿದೆ.

"ಏನ ನೋಡ್ತಿ? ಹೋಗಿ ಆ ಬಲದ ಬಾಜೂ ಕುಂದರು!"

ಕುಳಿತೆ. ಸಂಜೆ ಮಾಲಕರ ಕುರ್ಚಿಯೇ ಜಾರಿ, ಟಾಕಿ ಕೆಳಗಿಳಿಸು ಎಂದು ಅವರೇ ಹೇಳುವವರೆಗೂ ಕುಳಿತೆ. ಊಟವನ್ನೂ ಅಲ್ಲಿಗೇ ತಂದುಕೊಟ್ಟರು.

ಕಾಯಿ

ಹೊಸ ಕಮೋಡು ಕೂಡಿಸಿದೆ. ಒಂದು ಹನಿ ಸೋರಲಿಲ್ಲ. ನಮ್ಮ ಕಡೆ ಹೊಸದು ಏನು ಬಂದರೂ ಪೂಜೆ ಮಾಡದೆ ಮುಟ್ಟುವುದಿಲ್ಲ, ಟ್ರ್ಯಾಕ್ಟರಾಗಲಿ, ಮೋಟಾರಾಗಲಿ. ಮಾಲಕರು ಇದಕ್ಕೂ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಕೈಯಲ್ಲಿ ತೆಂಗಿನಕಾಯಿ. ಒಡೆಯಲು ಬೋಟಿನಲ್ಲಿ ಕಲ್ಲೆಲ್ಲಿದೆ? ಸುತ್ತಲೂ ಫೈಬರ್ರು. ನಾನು ಬಾಯಿ ತೆರೆಯುವುದರೊಳಗೆ ಕಮೋಡಿನ ಅಂಚಿಗೆ ಬಡಿದರು.

ಕಾಯಿ ಒಡೆಯಲಿಲ್ಲ.

ಎರಡು ಹೋಳಾದ ಕಮೋಡನ್ನು ನೋಡಿ ನನಗೆ ಅಳುವೇ ಬಂತು. ಮಾಲಕರು ನನ್ನನ್ನೇ ಗದರಿಸಿದರು: "ಗಟ್ಟಿ ಸಾಮಾನ ಹಾಕಂತ ಹೇಳಿದ್ದಿಲ್ಲೇನು?"

ದಿಕ್ಕು

ಎರಡನೆಯ ಕಮೋಡು ಕೂಡಿಸಿದ ಮೇಲೆ ಮಾಲಕರ ಕಾಕಾ ಬಂದರು. ಮನೆ ಕಟ್ಟುವವರಿಗೆ ದಿಕ್ಕು ಹೇಳುವ ಹಿರಿಯರು. ಕೈಯಲ್ಲಿ ದಿಕ್ಸೂಚಿ.

"ಮೂಡಣಕ್ಕ ಮುಖ ಮಾಡಿ ಕುಂದರತಾರೇನೋ ಸಂಡಾಸಕ್ಕ? ತಿರುಗಸು!"

ಹಲ್ಲು ಕಡಿದುಕೊಂಡು, ಪೈಪೆಲ್ಲ ಬಿಚ್ಚಿ ಬಡಗಣಕ್ಕೆ ತಿರುಗಿಸಿದೆ. ಮರುದಿನ ಡ್ರೈವರು ಬೋಟನ್ನು ಬೇರೆ ಕಡೆ ಮುಖ ಮಾಡಿ ಕಟ್ಟಿದ್ದ.

"ಮತ್ತ ಮೂಡಣಕ್ಕ ಆತಲ್ಲೋ!"

"ಕಾಕಾ, ಇದು ಬೋಟು! ದಡ ಬಿಟ್ಟಮ್ಯಾಲ ಎಲ್ಲಾ ದಿಕ್ಕಿಗೂ ತಿರಗತೈತಿ!"

ಕಾಕಾ ದಿಕ್ಸೂಚಿಯನ್ನು ಜೇಬಿಗೆ ಇಳಿಸಿದರು. ತಿಳಿಯಿತೆಂದು ನಾನು ಕೈ ಒರೆಸಿಕೊಂಡೆ.

"ಹಂಗಾರ," ಎಂದರು, "ಮಂದಿ ಒಳಗ ಹ್ವಾದಾಗ ಬೋಟನ್ನ ತಿರುಗಸೂಣು."

ಸಂಘದ ಅಕ್ಕಂದಿರು ಬಂದ ದಿನ ಕಾಕಾ ಡ್ರೈವರನ ಪಕ್ಕದಲ್ಲೇ ಕುಳಿತರು. ನೀರಿನ ನಡುವೆ ಸಂಘದ ಹಿರಿಯಜ್ಜಿ ಒಳಗೆ ಹೋಗಿ ಚಿಲಕ ಹಾಕಿದರು. ಕಾಕಾ ದಿಕ್ಸೂಚಿ ನೋಡಿದರು.

"ತಿರುಗಸ್ರಿ!"

ಬೋಟು ತಿರುಗಿತು. ಗಾಳಿ ಅದನ್ನು ಮತ್ತೆ ಮೂಡಣಕ್ಕೆ ತಂದಿತು. "ಮತ್ತ ತಿರುಗಸ್ರಿ!" ಅಜ್ಜಿಗೆ ಅವಸರವಿರಲಿಲ್ಲ. ಬೋಟು ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ಅಕ್ಕಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡು "ಯವ್ವಾ, ಮುಳಗ್ತೇವಿ!" ಎಂದು ಚೀರಿದರು. ಒಬ್ಬರು ತಿಂದ ಅವಲಕ್ಕಿಯನ್ನೆಲ್ಲ ಕಕ್ಕಿದರು. ಮಾಲಕರು ನನ್ನ ಕಡೆ ಕೆಂಗಣ್ಣು ಬಿಟ್ಟರು. ನನ್ನ ಲಾಡ್ಜು ಕಣ್ಣೆದುರೇ ಮುಳುಗುತ್ತಿತ್ತು.

ಬಾಗಿಲು ತೆರೆಯಿತು. ಅಜ್ಜಿ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದರು, ಸುತ್ತಲೂ ನೋಡಿದರು.

ಮಾಲಕರು ಅಜ್ಜಿಗೆ ಕೈ ಮುಗಿದು ಕೇಳಿದರು: "ಯಾಯಿ, ಹ್ಯಾಂಗೈತ್ರಿ?"

"ಸಂಡಾಸ ಭಾಳ ಚಲೋ ಐತಪಾ," ಎಂದರು ಅಜ್ಜಿ. "ಬೋಟ ಅಷ್ಟ ರಿಪೇರಿ ಮಾಡ್ಸು."

ಲಾಡ್ಜು ನನಗೇ ಸಿಕ್ಕಿತು. ಇದನ್ನು ಅಲ್ಲೇ, ಸಿಮೆಂಟ್ ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇಲ್ಲಿ ಗಾರೆ ಕೆಲಸದ ಗೌಂಡಿಗಳು ಮೊದಲೇ ಪೈಪು ಹಾಕಿ ಕಾಂಕ್ರೀಟು ಸುರಿದಿದ್ದಾರೆ, ಇನ್ನು ಯಾವುದೂ ಅಲುಗುವಂತಿಲ್ಲ. ಕಮೋಡಿನ ಪೈಪು ಡೊಂಕಾಗಿರುತ್ತದೆ, ಅದು ಯಾಕೆಂದರೆ, ಆ ಡೊಂಕಿನಲ್ಲಿ ಸ್ವಲ್ಪ ನೀರು ನಿಂತು, ವಾಸನೆ ಮೇಲಕ್ಕೆ ಬಾರದಂತೆ...

ತಡೆಯಿರಿ, ಮಹಡಿಯಿಂದ ಕಾಕಾ ಕೂಗುತ್ತಿದ್ದಾರೆ.

"ಏ ಮಿಸ್ತ್ರಿ, ಲಗೂನ ಬಾ! ಕಮೋಡ ಎಲ್ಲಾವೂ ಮೂಡಣಕ್ಕ ಅದಾವಲ್ಲೋ! ಇಲ್ಲೆ ಡ್ರೈವರೂ ಇಲ್ಲ!"